ಜೊತೆಗೆ ಬಂದವರ ತೋಳು

ಆರೋಗ್ಯ ಕೇಂದ್ರದಲ್ಲಿ ದ್ಯಾಮಪ್ಪನ ಕಾಲಿನ ಹುಣ್ಣಿಗೆ ಪಟ್ಟಿ ಕಟ್ಟಿದ ನರ್ಸಬಾಯಿ, ಹಾಗೆಯೇ ಅವನ ಕುಡಿತದ ಚಟವನ್ನೂ ಸಿರಿಂಜಿಗೆ ಎಳೆದುಕೊಂಡಳು. ಎಳೆದದ್ದನ್ನು ಚೆಲ್ಲುವಂತಿಲ್ಲ; ಜೊತೆಗೆ ಬಂದವರ ಮೈಗೆ ಹಾಕಲೇಬೇಕು.

"ತೋಳು ಕೊಡ್ರಿ, ಅಕ್ಕಾರ."

ಹೆಂಡತಿ ಶಾಂತವ್ವ ಸೆರಗು ಸರಿಸಿ ತೋಳು ಒಡ್ಡಿದಳು. ಅಪ್ಪನ ಚಟ, ಅಣ್ಣನ ಚಟ ಆಗಲೇ ಅವಳ ಮೈಯಲ್ಲಿದ್ದವು.

"ಇದನ್ನೂ ತಡಕೊಳ್ಳಾಕ ಆಕ್ಕೈತೇನ್ರಿ?"

"ಹೆಣ್ಮಕ್ಕಳು ತಡಕೋತಾರ್ರಿ," ಎಂದು ನರ್ಸಬಾಯಿ ಸೂಜಿ ಚುಚ್ಚಿ ಹತ್ತಿ ಒತ್ತಿದಳು.

ಹೊರಗೆ ಬಂದರೆ ಎದುರಿಗೇ ಸಾರಾಯಿ ಅಂಗಡಿ. ದ್ಯಾಮಪ್ಪ ಅತ್ತ ತಿರುಗಿಯೂ ನೋಡಲಿಲ್ಲ. ಶಾಂತವ್ವನ ಗಂಟಲು ಒಣಗಿತು, ಕಾಲು ಅತ್ತಲೇ ಎಳೆಯಿತು. ದಿಗಿಲುಬಿದ್ದು ಗಂಡನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಎಲ್ಲಾ ಮುಗೀತಲ್ಲ, ಇನ್ನ್ಯಾಕ ಅಂಜತಿ?" ಎಂದು ನಕ್ಕು ಅವನು ಕೈ ಬಿಡಿಸಿಕೊಂಡ.