ಬೂದು ಕಾರಿನ ಪರೀಕ್ಷೆ

ಮೂವತ್ತೆಂಟು ವರ್ಷಗಳ ಹಿಂದೆ, ಬ್ರೇಕು ಕೈಕೊಟ್ಟ ಬಸ್ಸೊಂದನ್ನು ಏಳು ತಿರುವುಗಳ ಘಾಟಿಯಲ್ಲಿ, ಬರಿಯ ಗೇರಿನ ಬಲದಿಂದ, ಐವತ್ತೆರಡು ಪ್ರಯಾಣಿಕರ ಸಮೇತ ಕೆಳಗಿಳಿಸಿ ನಿಲ್ಲಿಸಿದವರು ಯಜಮಾನರು. ಅಂದು ಒಡೆದದ್ದು ಮುದುಕಿಯೊಬ್ಬಳ ಬುಟ್ಟಿಯಲ್ಲಿದ್ದ ಮೊಟ್ಟೆಗಳು ಮಾತ್ರ. ಈ ಸಂಗತಿ ಊರಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರ ಪಕ್ಕದಲ್ಲಿ ಯಜಮಾನರು ಇನ್ನೂ ಕುಳಿತಿರಲಿಲ್ಲ, ಅಷ್ಟೆ.

ಅಂಥವರ ಕಾರು ಕಳೆದ ತಿಂಗಳು ಸ್ವಂತ ಮನೆಯ ಗೇಟಿನ ಕಂಬಕ್ಕೆ ಮುಖ ಕೊಟ್ಟು ಗುಜರಿ ಸೇರಿತು. ತಪ್ಪು ಕಂಬದ್ದೇ ಎಂಬುದು ಯಜಮಾನರ ಸುದೀರ್ಘ ಅಧ್ಯಯನದ ಫಲ.

ಮಗಳು ಮಾತು ಬೆಳೆಸಲಿಲ್ಲ. "ಇವತ್ತು ಒಂದು ಕಾರು ತೋರಿಸ್ತೀನಿ ಅಪ್ಪ. ನೋಡಿ, ಓಡಿಸಿ. ಎಲ್ಲಾ ಸರಿಹೋದ್ರೆ ಬೀಗದ ಕೈ ನಿಮ್ಮ ಕೈಗೆ. ಇಲ್ಲದಿದ್ರೆ ಇನ್ಮೇಲೆ ಸ್ಟಿಯರಿಂಗು ನಂದು, ಪಕ್ಕದ ಸೀಟು ನಿಮ್ದು."

ಪಕ್ಕದ ಸೀಟು! ಮೂವತ್ತು ವರ್ಷ ಬಸ್ಸಿನ ಮೂತಿಯಲ್ಲಿ ಕುಳಿತು ಬಂದವರಿಗೆ ಅದಕ್ಕಿಂತ ಸ್ಮಶಾನವೇ ವಾಸಿ.

ಗೋದಾಮುಗಳ ಹಿಂದಿನ ಖಾಲಿ ಬಯಲಿನಲ್ಲಿ ಬೂದು ಬಣ್ಣದ ಸೆಡಾನ್ ನಿಂತಿತ್ತು. ಪಕ್ಕದಲ್ಲಿ ಪುಟ್ಟ ಪುಸ್ತಕ ಹಿಡಿದ ಯುವಕ. "ಕಾರು ಇವರದು ಅಪ್ಪ" ಎಂದಷ್ಟೇ ಮಗಳು ಪರಿಚಯಿಸಿದಳು.

ಯಜಮಾನರು ನಮಸ್ಕಾರಕ್ಕೂ ಮೊದಲು ಬಾನೆಟ್ಟಿನ ಮೇಲೆ ಅಂಗೈ ಇಟ್ಟರು. "ತಣ್ಣಗಿದೆಯಲ್ಲಪ್ಪ! ಕೆಮ್ಮು ಮುಚ್ಚೋಕೆ ಎಂಜಿನ್ ಮೊದಲೇ ಬಿಸಿ ಮಾಡಿಡೋದು ಹಳೇ ಗಾಡಿ ಮಾರೋ ಕಸುಬಿನ ಮೊದಲ ಪಾಠ. ಶಾಲೆಗೇ ಹೋಗಿಲ್ವಾ ನೀನು?"

ಯುವಕ ಮುಗುಳ್ನಕ್ಕ.

ಪರೀಕ್ಷೆ ಆರಂಭವಾಯಿತು. ಎಂಜಿನ್ ಎಣ್ಣೆಯನ್ನು ಎರಡು ಬೆರಳ ನಡುವೆ ಉಜ್ಜಿ, "ಇದನ್ನ ಬದಲಾಯಿಸಿದ್ದು ಯಾವ ಯುಗದಲ್ಲಿ?" ಎಂದರು. ಬಾಗಿಲಂಚಿನ ರಬ್ಬರು ಸರಿಸಿ ಒಳಗಿನ ತಗಡನ್ನು ಸವರಿ, "ಬೆಸುಗೆ ಬಿದ್ದಿದೆ. ಎಲ್ಲೋ ಗುದ್ದಿಸಿಕೊಂಡ ಗಾಡಿ" ಎಂದರು. ಸೀಟಿನ ಬೆಲ್ಟನ್ನು ಕೊನೆಯವರೆಗೆ ಎಳೆದು ಮೂಗಿಗೆ ಹಿಡಿದರು. "ಕೆಸರಿನ ವಾಸನೆ. ನೀರಲ್ಲಿ ಮುಳುಗಿ ಪುಣ್ಯಸ್ನಾನನೂ ಮುಗಿಸಿದೆ."

"ಮೀಟರು ಎಷ್ಟು ತೋರಿಸ್ತಿದೆ ಸಾರ್?" ಯುವಕ ಕೇಳಿದ.

"ನೀನೇ ಓದು. ಸುಳ್ಳು ನಿನ್ನ ಬಾಯಿಂದ್ಲೇ ಬರಲಿ."

"ಮೂವತ್ತು ಸಾವಿರ."

ಯಜಮಾನರು ಬಗ್ಗಿ ಬ್ರೇಕಿನ ಪೆಡಲನ್ನು ಹೆಬ್ಬೆರಳಿನಿಂದ ತೀಡಿದರು. "ರಬ್ಬರು ಸವೆದು ಸಪಾಟಾಗಿದೆ. ಮೂವತ್ತು ಸಾವಿರಕ್ಕೇ ಹೀಗೆ ಸವೀಬೇಕಾದ್ರೆ ಇದನ್ನ ಓಡಿಸಿದ್ದು ಆನೆ."

ಮಗಳು ನಕ್ಕಳು. ಯುವಕ ಎದುರಾಡಲಿಲ್ಲ, ಪ್ರತಿಯೊಂದನ್ನೂ ಬರೆದುಕೊಂಡ.

ಮಗಳು ಹಿಂದೆ ಕುಳಿತಳು, ಯುವಕ ಪಕ್ಕದಲ್ಲಿ. ಕಾರು ಬಯಲಿನಲ್ಲಿ ಆಮೆಯ ನಡೆಯಲ್ಲಿ ಹೊರಟಿತು. ಗಾಡಿಯ ನಾಡಿ ಸಿಗುವುದು ನಿಧಾನದಲ್ಲೇ ಎಂಬುದು ಯಜಮಾನರ ಈಚಿನ ಸಿದ್ಧಾಂತ.

"ಆ ಗೋದಾಮಿನ ಗೋಡೆ ಮೇಲೆ ಏನು ಬರ್ದಿದೆ ಸಾರ್?"

"ಅಕ್ಷರ ಬಾರದವನು ಕಾರು ಮಾರೋಕೆ ಯಾಕಪ್ಪ ಹೊರಟೆ?"

ಯುವಕ ಅದನ್ನೂ ಬರೆದುಕೊಂಡ. ಆಮೇಲೆ ತಲೆ ಕೆರೆದು, "ಸಂಜೆ ಮನೆಗೆ ಸೋಪು, ಬಲ್ಬು, ಹಗ್ಗ ತಗೊಂಡು ಹೋಗ್ಬೇಕು. ನಂಗೆ ಭಾರಿ ಮರೆವು. ಇಳಿಯುವಾಗ ಸ್ವಲ್ಪ ನೆನಪಿಸಿ ಸಾರ್" ಎಂದ.

ಯಜಮಾನರು ಓರೆಗಣ್ಣಿನಿಂದ ಅವನನ್ನು ನೋಡಿ, ಘಾಟಿಯ ಕಥೆ ಶುರುಮಾಡಿದರು. ಕಥೆಯ ಬಸ್ಸು ಐದನೆಯ ತಿರುವಿಗೆ ಬಂದಿತ್ತು.

"ಅಪ್ಪ! ಎಡಗಡೆ ಡ್ರಮ್ಮು!"

ಕಾರು ಗಕ್ಕನೆ ನಿಂತಿತು. ಆಳೆತ್ತರದ ನೀಲಿ ಡ್ರಮ್ಮು ಗೇಣು ದೂರದಲ್ಲಿತ್ತು.

"ಯಾಕೆ ಕಿರುಚ್ತೀಯ? ಬ್ರೇಕು ಪರೀಕ್ಷೆ ಮಾಡ್ದೆ," ಎಂದರು ಯಜಮಾನರು. "ಬ್ರೇಕು ಪರವಾಗಿಲ್ಲ. ನಿನ್ನ ಗಂಟಲಂತೂ ಹೊಚ್ಚ ಹೊಸದು."

ಕಥೆಯ ಬಸ್ಸು ಕ್ಷೇಮವಾಗಿ ಘಾಟಿ ಇಳಿಯಿತು. ಕಾರೂ ಹೊರಟ ಜಾಗಕ್ಕೆ ಬಂದು ನಿಂತಿತು. ಯಜಮಾನರು ಬೀಗದ ಕೈಯನ್ನು ಮುಷ್ಟಿಯೊಳಗೆ ಸೇರಿಸಿದರು.

"ಸಾರ್, ನಾನೇನೋ ತಗೊಂಡು ಹೋಗ್ಬೇಕು ಅಂದಿದ್ದೆನಲ್ಲ…"

"ಸೋಪು. ಬಲ್ಬು. ಹಗ್ಗ."

"ಹಾಂ! ಇನ್ನೊಂದು ಮಾತು ಸಾರ್. ಆ ಘಾಟಿ ಕಥೆ ಇನ್ನೊಂದ್ಸಲ ಹೇಳ್ತೀರಾ?"

ಯಜಮಾನರು ಸೀಟಿಗೆ ಒರಗಿದರು. ಬೇಟೆ ಬಲೆಗೆ ಬಿದ್ದಾಗಿನ ನಗೆ ಅವರ ಮೀಸೆಯಡಿ ಮೂಡಿತು. 'ನೀನು' ಹೋಗಿ 'ನೀವು' ಬಂತು.

"ಇಷ್ಟು ಊನ ಎತ್ತಿ ಆಡಿದ್ರೂ ಜಗಳಕ್ಕೆ ಬರದ ಮಾರಾಟಗಾರನ್ನ ನಾನು ಈ ಜನ್ಮದಲ್ಲಿ ಕಂಡಿಲ್ಲ. ಸೋಪು, ಬಲ್ಬು ಅಂತ ಪಾಠ ಒಪ್ಪಿಸಿಕೊಂಡ್ರಿ. ಈಗ ಕಥೆ ಎರಡನೇ ಸಲ, ಮೊದಲನೇದಕ್ಕೆ ತಾಳೆ ನೋಡೋಕೆ. ಐವತ್ತೆರಡು ಜನ, ಏಳು ತಿರುವು, ಒಂದು ಬುಟ್ಟಿ ಮೊಟ್ಟೆ! ಅಪ್ಪ ಆಸ್ಪತ್ರೆಗೆ ಬರಲ್ಲ ಅಂತ ಮಗಳು ಆಸ್ಪತ್ರೆಯನ್ನೇ ಬಯಲಿಗೆ ಕರ್ಕೊಂಡು ಬಂದಿದ್ದಾಳೆ. ಹೇಳಿ ಡಾಕ್ಟ್ರೇ, ಈ ತಲೆ ಎಲ್ಲಾದ್ರೂ ತುಕ್ಕು ಹಿಡಿದಿದೆಯಾ?"

ಹಿಂದಿನ ಸೀಟಿನಲ್ಲಿ ಮಗಳು ತಲೆ ತಗ್ಗಿಸಿದಳು. ಗುಟ್ಟು ರಟ್ಟಾಗಿತ್ತು. ಯಜಮಾನರ ಮುಷ್ಟಿ ಇನ್ನಷ್ಟು ಬಿಗಿಯಾಯಿತು.

ಯುವಕ ಪುಸ್ತಕ ಮುಚ್ಚಿದ. "ತಲೆ ಚಾಕುವಿನ ಹಾಗಿದೆ ಸಾರ್. ಊನ ಬರ್ಕೊಂಡಿದ್ದು ಈ ಗಾಡಿನ ನನ್ನ ತಲೆಗೆ ಕಟ್ಟಿದವನಿಗೆ ತೋರಿಸೋಕೆ. ಮರೆವು ನನ್ನ ಹುಟ್ಟುಗುಣ. ಕಥೆ ಇನ್ನೊಮ್ಮೆ ಕೇಳಿದ್ದು ಬರೀ ಆಸೆಗೆ."

ಬೀಗದ ಕೈಗಾಗಿ ಮೆಲ್ಲನೆ ಅಂಗೈ ಚಾಚಿ ಅವನು ಮುಗಿಸಿದ: "ನಾನು ಕಣ್ಣಿನ ಡಾಕ್ಟ್ರು."