ತಿಮ್ಮವ್ವನ ಮರೆವು

“ಅಜ್ಜಿ, ಇದು ಯಾವ ತಿಂಗಳು?” ಎಂದು ಡಾಕ್ಟರು ಕೇಳಿದರು. ಶ್ರಾವಣ. ನಿನ್ನೆಯಷ್ಟೇ ಎರಡನೇ ಸೋಮವಾರ ಕಳೆದಿತ್ತು. ತಿಮ್ಮವ್ವ ಒಪ್ಪತ್ತು ಇದ್ದು, ದೀಪ ಹಚ್ಚಿದ ಮೇಲೆಯೇ ಉಂಡಿದ್ದಳು. ಆದರೂ ಸೆರಗು ಎಳೆದುಕೊಂಡು, ಯೋಚನೆಗೆ ಬಿದ್ದವಳಂತೆ ಮುಖ ಮಾಡಿ, “ಯುಗಾದಿ ಬಂತಲ್ರಿ, ಚೈತ್ರ” ಅಂದಳು. ಪಕ್ಕದಲ್ಲಿದ್ದ ಸೊಸೆ ಸುಷ್ಮಾ ತಲೆ ತಗ್ಗಿಸಿದಳು. ಡಾಕ್ಟರು ಕಾಗದದ ಮೇಲೆ ಏನೋ ಗೀಚಿಕೊಂಡರು.

ಹರಿಹರದಿಂದ ದಾವಣಗೆರೆಯ ಈ ಆಸ್ಪತ್ರೆಗೆ ಕರೆತಂದವಳು ಸುಷ್ಮಾನೇ. ಅರವತ್ತಕ್ಕೆ ಅರಳು ಮರಳು, ಇದಕ್ಕೆಲ್ಲ ಡಾಕ್ಟರ್ ಯಾಕೆ ಎಂದು ಗಂಡ ರಾಜಕುಮಾರ ಅಂದರೂ ಅವಳು ಕೇಳಲಿಲ್ಲ. ಮನೆಯ ಬೀಗದ ಕೈ ಹಿಟ್ಟಿನ ಡಬ್ಬಿಯಲ್ಲಿ ಸಿಕ್ಕಿತ್ತು. ಕಟಿಂಗಿಗೆಂದು ಹೋದ ಮಾವ ಮಲೆಬೆನ್ನೂರಿನ ಬಸ್ಸು ಹತ್ತಿ ಕೂತಿದ್ದರು. ಕೊನೆಗೆ ಮೊನ್ನೆ, ಕೂಸು ಕೀರ್ತನಾ ಒಳಗೆ ಮಲಗಿದ್ದಾಗ, ಗ್ಯಾಸ್ ಒಲೆ ಹತ್ತದೆ ಬರೀ ಬುಸುಗುಟ್ಟುತ್ತಿತ್ತು. ಪ್ರತಿ ಸಲವೂ ತಿಮ್ಮವ್ವ ತಾನೇ ಮುಂದೆ ಬಂದು, ಕೀ ಇಟ್ಟವಳು ನಾನು, ಬಸ್ಸು ಹತ್ತಲು ಹೇಳಿದವಳು ನಾನು, ಒಲೆ ತಿರುವಿ ಕಡ್ಡಿ ಗೀರದೆ ಬಂದವಳೂ ನಾನೇ ಎಂದು ಒಪ್ಪಿಕೊಂಡಿದ್ದಳು. ಸೊಸೆ ಕಾಯಿಲೆಯನ್ನು ಸರಿಯಾಗಿಯೇ ಗುರುತು ಹಿಡಿದಿದ್ದಳು. ತಪ್ಪಿದ್ದು ಅದು ಯಾರಿಗೆ ಎಂಬುದರಲ್ಲಿ.

ಮರೆವು ತಿಮ್ಮವ್ವನ ಗಂಡ ಹುಲಿಯಪ್ಪನದು. ಲೋಕಿಕೆರೆಯಲ್ಲಿ ಅವನ ಅಣ್ಣ ಬಕ್ಕೇಶಪ್ಪನಿಗೂ ಹೀಗೇ ಶುರುವಾಗಿತ್ತು. ಊರವರು ಹುಚ್ಚನೆಂದು ಹೆಸರಿಟ್ಟರು, ಮನೆಯವರು ಮೇವಿನ ಕೋಣೆಯಲ್ಲಿ ಕೂಡಿಹಾಕಿ ಹೊರಗಿನಿಂದ ಚಿಲಕ ಹಾಕಿದರು. ಕಿಟಕಿಯೊಳಗಿಂದ ಅನ್ನದ ತಟ್ಟೆ ತಳ್ಳುವುದನ್ನು ಗಂಡಹೆಂಡತಿ ಇಬ್ಬರೂ ಕಣ್ಣಾರೆ ಕಂಡಿದ್ದರು. ತನ್ನ ಜೀವ ಇರುವತನಕ ಗಂಡನಿಗೆ ಆ ಗತಿ ಬರಬಾರದೆಂದು ತಿಮ್ಮವ್ವ ಅಂದೇ ಗಟ್ಟಿ ಮಾಡಿಕೊಂಡಿದ್ದಳು. ಹುಚ್ಚಿ ಅನ್ನುವುದಾದರೆ ತನ್ನನ್ನೇ ಅನ್ನಲಿ. ಮದುವೆಯಾಗಿ ಬಂದ ದಿನದಿಂದ ಅತ್ತೆಮನೆಯವರು ಅವಳನ್ನು ದಡ್ಡಿ ಎಂದೇ ಕರೆದಿದ್ದರು. ಇನ್ನೊಂದು ಹೆಸರು ಅವಳಿಗೆ ಭಾರವಲ್ಲ.

ಆದರೆ ತಪ್ಪು ಹೇಳುವುದೂ ಒಂದು ದುಡಿಮೆಯೇ. ಬಾಳೆಹಣ್ಣು, ಬಸ್ಸು, ಕೊಡೆ ಎಂದು ಡಾಕ್ಟರು ಮೂರು ಹೆಸರು ಹೇಳಿ, ಆಮೇಲೆ ಕೇಳುತ್ತೇನೆ ಎಂದರು. ಕೇಳಿದಾಗ ಬಾಳೆಹಣ್ಣೊಂದನ್ನೇ ಹೇಳಿ ಮಿಕ್ಕ ಎರಡನ್ನು ಅವಳು ನುಂಗಿಕೊಂಡಳು. ಬೆಳಗ್ಗೆ ಏನು ತಿಂದಿರಿ ಎಂದು ಕೇಳಿದರು. ಅವಳು ಬಾಯಿ ತೆರೆಯುವುದರೊಳಗೆ, ಅತ್ತ ಕುರ್ಚಿಯಲ್ಲಿ ಕೂತಿದ್ದ ಹುಲಿಯಪ್ಪ “ರೊಟ್ಟಿ” ಅಂದುಬಿಟ್ಟ. ಎಲ್ಲರೂ ತಿಂದದ್ದು ಮಂಡಕ್ಕಿ ಒಗ್ಗರಣೆ, ಮಾಡಿದವಳು ಸುಷ್ಮಾ. ಅವಳು ಹುಬ್ಬು ಗಂಟಿಕ್ಕಿ ಮಾವನ ಕಡೆ ತಿರುಗಿದಳು. ತಿಮ್ಮವ್ವ ತಟ್ಟನೆ ನಡುವೆ ಬಾಯಿ ಹಾಕಿದಳು. ನೀನು ಏಳುವುದಕ್ಕೆ ಮೊದಲೇ ಎದ್ದು ಇವರಿಗೆ ಎರಡು ರೊಟ್ಟಿ ಬಡಿದುಕೊಟ್ಟೆ, ನಿನಗೇನು ಗೊತ್ತು ಎಂದು ಸೊಸೆಯ ಮೇಲೆ ರೇಗಿದಳು. ಇಲ್ಲದ ರೊಟ್ಟಿಗೆ ಇಷ್ಟು ಜೋರು ಮಾಡಿದ್ದನ್ನು ಕಂಡು ಸುಷ್ಮಾಳ ಹುಬ್ಬು ಸಡಿಲವಾಯಿತು. ನೋಡಿದಿರಲ್ಲ ಎಂಬಂತೆ ಡಾಕ್ಟರ ಕಡೆ ನೋಡಿದಳು. ಅವಳ ಕಣ್ಣಲ್ಲಿ ನೀರಿತ್ತು. ತಿಮ್ಮವ್ವ ಆ ಕಡೆ ನೋಡದೆ ಸೆರಗು ಸರಿಮಾಡಿಕೊಂಡಳು.

ರಕ್ತ ಪರೀಕ್ಷೆ, ಸ್ಕ್ಯಾನ್ ಎಲ್ಲ ಆಗಲಿ, ಆದರೆ ಮರೆವಿನ ಕಾಯಿಲೆಯ ಶುರುವಿನಂತೆಯೇ ಕಾಣುತ್ತದೆ ಎಂದರು ಡಾಕ್ಟರು. ಅಜ್ಜಿಯನ್ನು ಇನ್ನು ಒಲೆಯ ಹತ್ತಿರ ಬಿಡಬಾರದು, ಹಗಲು ಮನೆಯಲ್ಲಿ ಯಾರಿರುತ್ತೀರಿ ಎಂದು ವಿಚಾರಿಸಿದರು. ತಾನು ಬಟ್ಟೆ ಅಂಗಡಿಯ ಕೆಲಸಕ್ಕೆ, ಗಂಡ ಕರೂರಿನ ಕಾರ್ಖಾನೆಗೆ ಹೋದರೆ ಸಂಜೆಯೇ ಬರುವುದೆಂದು ಸುಷ್ಮಾ ಹೇಳಿದಳು.

“ಮಾವ ಇರ್ತಾರಲ್ರಿ. ಕರೂರಿನಾಗೆ ಬಾಯ್ಲರ್ ನೋಡ್ಕೊಂಡಿದ್ದೋರು, ಒಂದಿನ ಹೆಚ್ಚುಕಮ್ಮಿ ಆಗಿಲ್ಲ. ಮನೆ ಗ್ಯಾಸ್ ಅವರಿಗೆ ಯಾವ ಲೆಕ್ಕ? ಕೂಸಿಗೆ ಹಾಲು ಅವರೇ ಕಾಸಿ ಕೊಡ್ತಾರೆ.”

ಒಲೆಯ ಬುಸುಗುಟ್ಟುವ ಸದ್ದು ತಿಮ್ಮವ್ವನ ಕಿವಿಯಲ್ಲೇ ಎದ್ದಂತಾಯಿತು. ಮೊನ್ನೆ ಅವಳು ಹಿತ್ತಲಿನಿಂದ ಓಡಿಬರುವುದು ಇನ್ನು ಸ್ವಲ್ಪ ತಡವಾಗಿದ್ದರೆ ಮನೆಯೇ ಉಳಿಯುತ್ತಿರಲಿಲ್ಲ. ಇನ್ನು ಸುಮ್ಮನಿರುವುದು ಮಹಾಪಾಪ. ಕುರ್ಚಿಯ ತುದಿಗೆ ಸರಿದು “ಡಾಕ್ಟ್ರೇ” ಅಂದಳು. ಅಷ್ಟರಲ್ಲಿ ಹುಲಿಯಪ್ಪ ಬೆನ್ನು ನೆಟ್ಟಗೆ ಮಾಡಿ ಕೂತ. ಎಷ್ಟೋ ತಿಂಗಳಿನಿಂದ ಅವನಿಗೆ ಯಾರೂ ಒಂದು ಕೆಲಸ ಒಪ್ಪಿಸಿರಲಿಲ್ಲ. “ಆಗ್ಲಿ ಸಾರ್, ನಾನು ನೋಡ್ಕೊಂತೀನಿ” ಎಂದ ಅವನ ದನಿಯಲ್ಲಿ ಹಳೆಯ ಗತ್ತು ಬಂದಿತ್ತು. ತಿಮ್ಮವ್ವ ಆ ಮುಖವನ್ನು ನೋಡಿದಳು.

“ಅಜ್ಜಿ, ಏನೋ ಹೇಳ್ತಿದ್ರಲ್ಲ?” ಎಂದರು ಡಾಕ್ಟರು.

“ಏನೋ ಹೇಳ್ಬೇಕಿತ್ತು” ಅಂದಳು ಅವಳು. “ಮರ್ತೆ.”

ಸುಷ್ಮಾ ಇಬ್ಬರನ್ನೂ ಹೊರಗಿನ ಬೆಂಚಿನ ಮೇಲೆ ಕೂರಿಸಿ, ಅತ್ತೆಯನ್ನು ಬಿಟ್ಟು ಎಲ್ಲಿಗೂ ಹೋಗಬೇಡಿರೆಂದು ಮಾವನಿಗೆ ಎರಡೆರಡು ಸಲ ಹೇಳಿ, ಮಾತ್ರೆ ತರಲು ಹೋದಳು. ಹುಲಿಯಪ್ಪ ಸ್ವಲ್ಪ ಹೊತ್ತು ಹೋಗಿಬರುವವರನ್ನು ನೋಡುತ್ತಿದ್ದ. ಆಮೇಲೆ ಹೆಂಡತಿಯ ಕಿವಿಯ ಹತ್ತಿರ ಬಾಗಿದ.

“ಲೇ, ಡಾಕ್ಟ್ರು ಯಾರಿಗೆ ಕಾಯ್ಲೆ ಐತೆ ಅಂದ್ರು?”

“ನಂಗೆ ಕಣ್ರಿ.”

ಅವನು ಅವಳ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಹಿಡಿದುಕೊಂಡ. “ಹೆದರಬ್ಯಾಡ, ನಾನಿದೀನಲ್ಲ” ಅಂದ. “ಇನ್ಮ್ಯಾಲೆ ಒಲೆ ನಾನೇ ಹಚ್ತೀನಿ.”