ಮರಿಯಮ್ಮನ ಹೆಬ್ಬೆಟ್ಟು

ಲಕ್ಕಯ್ಯ ಚಪ್ಪಲಿ ಬಿಟ್ಟು ಸಭಾಂಗಣದೊಳಗೆ ಕಾಲಿಟ್ಟಾಗ, ಅವನ ಮಗಳು ಅವನನ್ನೇ ಮನೆಯಿಂದ ಹೊರಹಾಕುವ ಮಾತಾಡುತ್ತಿದ್ದಳು.

"ಮಾನ್ಯ ನ್ಯಾಯಾಧೀಶರೇ, ತೋಟದಲ್ಲಿ ಕೂಲಿಗಳಿಗೆ ಲೈನ್ ಮನೆ ಕೊಡುವುದು ಕೆಲಸಕ್ಕಾಗಿ. ಕೂಲಿಯವನು ನಿವೃತ್ತನಾದ ದಿನವೇ ಕೆಲಸ ಮುಗಿಯಿತು. ಇನ್ನು ಆ ಮನೆಯ ಮೇಲೆ ಅವನಿಗೆ ಯಾವ ಹಕ್ಕೂ ಇಲ್ಲ." ಕಪ್ಪು ಕೋಟು ತೊಟ್ಟ ಯಶೋದಾಳ ದನಿ ಒಮ್ಮೆಯೂ ನಡುಗಲಿಲ್ಲ.

ಲಕ್ಕಯ್ಯನ ಕೈ ತಾನಾಗಿಯೇ ಅಂಗಿಯ ಜೇಬಿಗೆ ಹೋಯಿತು. ನೋಟೀಸು ಅಲ್ಲೇ ಇತ್ತು. ಬಣಕಲ್ ಹತ್ತಿರದ ಕಾಫಿ ತೋಟದಲ್ಲಿ ಮೂವತ್ತೆಂಟು ವರ್ಷ ದುಡಿದು ಹೋದ ತಿಂಗಳಷ್ಟೇ ಅವನು ನಿವೃತ್ತನಾಗಿದ್ದ. ಹದಿನೈದು ದಿನದೊಳಗೆ ಲೈನ್ ಮನೆ ಖಾಲಿ ಮಾಡಬೇಕೆಂದು ಕಾಗದ ಬಂದಿತ್ತು. ಮಗಳು ಚಿಕ್ಕಮಗಳೂರಿನಲ್ಲಿ ಲಾ ಓದುತ್ತಾಳೆ, ಏನಾದರೂ ದಾರಿ ತೋರಿಸಿಯಾಳು ಎಂದು ಬೆಳಿಗ್ಗೆಯೇ ಬಸ್ಸು ಹತ್ತಿದ್ದ. ಇಲ್ಲಿ ನೋಡಿದರೆ ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು.

"ಗಾಬರಿ ಆಗ್ಬೇಡಿ, ಇದು ನಿಜವಾದ ಕೋರ್ಟಲ್ಲ," ಎಂದು, ಯಶೋದಾಳ ಅಪ್ಪನೆಂದು ಕೇಳಿ ತಿಳಿದು ಒಳಗೆ ಬಿಟ್ಟಿದ್ದ ಬಾಗಿಲ ಬಳಿಯ ಜವಾನ ಶಾಂತವೀರಪ್ಪ ಪಿಸುಗುಟ್ಟಿದ. "ಮಕ್ಳು ವಾದ ಮಾಡೋದು ಕಲೀಲಿ ಅಂತ ಮಾಡ್ತಾರೆ. ಯಾರು ಯಾವ ಕಡೆ ಅಂತ ಗದ್ದುಗೆ ಮುಂದೆ ಚೀಟಿ ಎತ್ತಿಸ್ತಾರೆ. ನಿಮ್ಮ ಮಗಳಿಗೆ ಸಾಹುಕಾರ್ರ ಕಡೆ ಬಂತು."

"ಬೇರೇದು ಎತ್ತೋ ಹಂಗಿಲ್ವಾ?"

"ಗದ್ದುಗೆ ಮುಂದೆ ಬಂದಿದ್ದು ಪ್ರಸಾದ ಇದ್ದಂಗೆ. ಬೇಡ ಅನ್ನಕ್ಕಾಗತ್ತಾ?"

ಅದು ಮಠದವರ ವಿಶ್ವವಿದ್ಯಾಲಯದ ಲಾ ಕಾಲೇಜು. ಅಲ್ಲಿ ಪರೀಕ್ಷೆಯಿಂದ ಹಿಡಿದು ಈ ಅಣಕು ಕೋರ್ಟಿನವರೆಗೆ ಎಲ್ಲವೂ ಹಿರಿಯ ಸ್ವಾಮಿಗಳ ಗದ್ದುಗೆಗೆ ಕೈಮುಗಿದೇ ಶುರು. ನ್ಯಾಯಾಧೀಶರ ಕುರ್ಚಿಯಲ್ಲಿದ್ದ ಪ್ರಿನ್ಸಿಪಾಲ್ ಜಯದೇವಪ್ಪನವರು ಕನ್ನಡಕ ತೆಗೆದು, ಸಾಹುಕಾರರ ಪರವಾಗಿ ತೀರ್ಪು ಓದಿದರು. ಹುಡುಗರೆಲ್ಲ ಚಪ್ಪಾಳೆ ತಟ್ಟಿದರು. ಲಕ್ಕಯ್ಯ ಮೆಲ್ಲಗೆ ಬಾಗಿಲ ಹೊರಗೆ ಬಂದ. ಇಷ್ಟು ಓದಿದವರೇ ಹೀಗೆ ಹೇಳಿದ ಮೇಲೆ ಇನ್ನು ಯಾರ ಹತ್ತಿರ ಹೋಗುವುದು?

ಹೊರಗೆ ಅವನನ್ನು ಕಂಡು ಯಶೋದಾ ಓಡಿಬಂದಳು. "ಅಪ್ಪ, ಯಾವಾಗ ಬಂದೆ?"

"ನನ್ನ ಮನೆ ಖಾಲಿ ಮಾಡಿಸ್ತಿದ್ಯಲ್ಲ, ಆಗ." ಅವನು ನೋಟೀಸು ಅವಳ ಕೈಗಿಟ್ಟ. "ಓದ್ಲೇಬೇಕು ಅಂತಿಲ್ಲ ಮಗ. ಇದ್ರಲ್ಲಿರೋದಕ್ಕಿಂತ ನೀನೇ ಚೆನ್ನಾಗಿ ಹೇಳ್ದೆ. ಅದಕ್ಕೆ ಉತ್ತರ ಇಲ್ಲ."

ಅವಳು ನಿಂತಲ್ಲೇ ಎರಡು ಸಲ ಓದಿದಳು.

"ಉತ್ತರ ಇದೆ ಅಪ್ಪ. ಅದನ್ನ ಎಲ್ಲಿ ಹಿಡಿದುಬಿಡ್ತಾರೋ ಅಂತ್ಲೇ ಅಷ್ಟು ಹೊತ್ತೂ ಬೆವರ್ತಿದ್ದೆ. ನಮಗೆ ಕೊಟ್ಟ ಕೇಸಲ್ಲಿ ಎರಡನೇ ಪುಟದ ಕೊನೇಲಿ ಒಂದು ಸಾಲಿತ್ತು. ಆ ಕೂಲಿಯವನ ಹೆಂಡ್ತಿ ಇನ್ನೂ ಅದೇ ತೋಟದಲ್ಲಿ ಕೆಲಸಕ್ಕಿದಾಳೆ ಅಂತ. ಮನೆ ಕೊಟ್ಟಿದ್ದು ಕೆಲಸಕ್ಕೇ ಆದ್ರೆ, ಅವಳ ಕೆಲಸ ಮುಗಿದಿಲ್ವಲ್ಲ. ಅವಳನ್ನ ಮನೆ ಬಿಡು ಅನ್ನೋ ಹಂಗಿಲ್ಲ. ಎದುರುಗಡೆ ವಾದ ಮಾಡಿದ ಅಭಿರಾಮ ಅದೊಂದು ಮಾತು ಎತ್ತಿದ್ರೆ ನಾನು ಸೋಲ್ತಿದ್ದೆ. ಅವನ ಕಣ್ಣಿಗೂ ಬೀಳ್ಲಿಲ್ಲ, ಜಯದೇವಪ್ಪ ಸಾರ್ ಕಣ್ಣಿಗೂ ಬೀಳ್ಲಿಲ್ಲ."

ಲಕ್ಕಯ್ಯನ ಕಣ್ಣಿಗೂ ಬಿದ್ದಿರಲಿಲ್ಲ. ಅವನ ಹೆಂಡತಿ ಮರಿಯಮ್ಮ ತೋಟಕ್ಕೆ ಸೊಸೆಯಾಗಿ ಬಂದ ಮರುವಾರವೇ ಬುಟ್ಟಿ ಕಟ್ಟಿಕೊಂಡು ಕೆಲಸಕ್ಕೆ ಇಳಿದವಳು. ಮನೆ ಮಾತ್ರ ತನ್ನದೆಂದೇ ಇಷ್ಟು ವರ್ಷವೂ ತಿಳಿದಿದ್ದ.

"ಅವ್ವ ಕೆಲಸಕ್ಕೆ ಹೋಗ್ತಿದಾಳಲ್ವಾ?"

ಅವನು ಗಡಿಯಾರದ ಕಡೆ ನೋಡಿದ. "ತೋಟದ ಆಫೀಸಿನ ರೈಟರ್ ಓಂಕಾರಪ್ಪನೋರು ನಿನ್ನೆ ಕರೆಸಿದ್ರು. ಮನೆನೇ ಇಲ್ದ ಮೇಲೆ ಅವಳು ಎಲ್ಲಿಂದ ಕೆಲಸಕ್ಕೆ ಬರ್ತಾಳೆ, ಅವಳೂ ಬಿಡ್ತೀನಿ ಅಂತ ಕಾಗದಕ್ಕೆ ಹೆಬ್ಬೆಟ್ಟು ಒತ್ಲಿ ಅಂದ್ರು. ನಾನೂ ಹೂಂ ಅಂದೆ. ಇವತ್ತು ಮಧ್ಯಾಹ್ನದೊಳಗೆ ಆಫೀಸಿಗೆ ಹೋಗಿ ಒತ್ತು ಅಂತ ಅವಳಿಗೆ ಹೇಳೇ ಬಸ್ ಹತ್ತಿದ್ದು."

ಕಾಲೇಜಿನ ಗಡಿಯಾರದಲ್ಲಿ ಮೂರು ಹೊಡೆದಿತ್ತು. ಯಶೋದಾ ಕೋಟನ್ನೂ ಬಿಚ್ಚದೆ ಗೇಟಿನ ಹೊರಗಿನ ಎಸ್‌ಟಿಡಿ ಬೂತಿನತ್ತ ಓಡಿದಳು. ಬಾಗಿಲಲ್ಲಿ ಬಿಟ್ಟ ಚಪ್ಪಲಿ ಮರೆತು ಲಕ್ಕಯ್ಯ ಬರಿಗಾಲಲ್ಲೇ ಹಿಂದೆ ಓಡಿದ. ಎರಡು ಸಲ ಲೈನ್ ಸಿಗಲಿಲ್ಲ. ಮೂರನೆಯ ಸಲ ರಿಂಗಾಯಿತು. ಅವನು ಬಗ್ಗಿ ಮಗಳ ಕಿವಿಯ ಪಕ್ಕ ತನ್ನ ಕಿವಿಯಿಟ್ಟ. ತಾನೇ ಕೈಯಾರೆ ಸೂರು ಕಿತ್ತೆನಲ್ಲ ಎಂದು ಅವನಿಗೆ ಅಳು ಬರುವಂತಾಗಿತ್ತು.

"ರೈಟ್ರೇ, ನಾನು ಲಕ್ಕಯ್ಯನ ಮಗಳು. ನಮ್ಮವ್ವ ಹೆಬ್ಬೆಟ್ಟು ಒತ್ತಿದ್ಲಾ?" ಸಭೆಯಲ್ಲಿ ನಡುಗದ ದನಿ ಈಗ ನಡುಗುತ್ತಿತ್ತು.

"ಎಲ್ಲಿ ಒತ್ತಿದ್ಲು ಮಾರಾಯ್ತಿ," ಎಂದಿತು ಆ ಕಡೆಯ ದನಿ. "ಬೆಳಿಗ್ಗೆಯಿಂದ ಇಂಕ್ ಪ್ಯಾಡ್ ತೆಗೆದಿಟ್ಕೊಂಡು ಕೂತಿದೀನಿ. ಎರಡು ಸಲ ಆಳು ಕಳಿಸ್ದೆ. ಹಣ್ಣು ಉದುರ್ತಾ ಇದೆ, ಹಿಡಿದಿರೋ ಸಾಲು ಕುಯ್ದು ಮುಗಿಸ್ದೆ ಬರಲ್ಲ ಅಂತಾಳೆ."

ಲಕ್ಕಯ್ಯ ಬೂತಿನ ಗೋಡೆಗೊರಗಿ ಹಾಗೇ ಕುಸಿದು ಕುಳಿತ. ಯಶೋದಾ ಕಪ್ಪು ಕೋಟಿನ ತೋಳಿನಿಂದ ಮುಖ ಒರೆಸಿಕೊಂಡಳು.

"ಹಂಗಾದ್ರೆ ಅವಳ ಇವತ್ತಿನ ಹಾಜರಿ ಹಾಕ್ಬಿಡಿ ಸಾರ್," ಎಂದಳು.